ತಮ್ಮನನ್ನು ಎತ್ತಿಕೊಳ್ಳದ ಮಳೆಗಾಲ

ಹುಳುಕಡ್ಡಿಗೆಂದು ಡಾಕ್ಟರ ಹತ್ತಿರ ಹೋದರೆ ಜನ ನಗುತ್ತಿದ್ದ ಕಾಲ ಅದು. ಜ್ವರಕ್ಕೆ ಹೋಗಬಹುದಿತ್ತು, ಹಾವು ಕಚ್ಚಿದರೆ ಹೋಗಬಹುದಿತ್ತು, ಹೆರಿಗೆ ಕಷ್ಟವಾದರೆ ಗಾಡಿ ಕಟ್ಟುತ್ತಿದ್ದರು. ಮೈಮೇಲೆ ಕಾಸಗಲದ ಒಂದು ಕೆಂಪು ಉಂಗುರ ಎದ್ದಿದ್ದಕ್ಕೆ ಬಸ್ಸು ಹತ್ತಿ ತುರುವೇಕೆರೆಗೆ ಹೋಗುವುದೆಂದರೆ ಅದು ಶೋಕಿ. ಅದರಲ್ಲೂ ನಮ್ಮ ಮನೆಯಿಂದ ಹೋಗುವಂತೆಯೇ ಇರಲಿಲ್ಲ. ಮಾಯಸಂದ್ರದ ಸುತ್ತಿನ ಹತ್ತು ಹಳ್ಳಿಯವರು ಹುಳುಕಡ್ಡಿಗೆ ಮದ್ದು ಕೇಳಿಕೊಂಡು ಬರುತ್ತಿದ್ದುದೇ ನಮ್ಮ ಅಜ್ಜಿಯ ಹತ್ತಿರ.

ಅಜ್ಜಿಯ ಮದ್ದೆಂದರೆ ತೆಂಗಿನ ಚಿಪ್ಪಿನ ಎಣ್ಣೆ. ಅಟ್ಟದ ಮೇಲೆ ವರ್ಷವೆಲ್ಲ ಒಣಗಿದ ಕಾಯನ್ನು ಇಳಿಸಿ, ಸಿಪ್ಪೆ ಸುಲಿದು, ಚಿಪ್ಪು ಒಡೆದು ಕೊಬ್ಬರಿ ಗಿಟುಕು ತೆಗೆಯುವ ಮನೆ ನಮ್ಮದು. ಚಿಪ್ಪಿಗೇನು ಬರ? ಹಿತ್ತಲಲ್ಲಿ ಗುಂಡಿ ತೋಡಿ ಅದರೊಳಗೆ ಒಂದು ಬೋಗುಣಿ ಇಟ್ಟು, ತಳಕ್ಕೆ ತೂತು ಕೊರೆದ ಮಡಕೆಯಲ್ಲಿ ಚಿಪ್ಪಿನ ಚೂರು ತುಂಬಿ ಅದರ ಮೇಲೆ ಕೂರಿಸಿ, ಬಾಯಿಗೆ ಮಣ್ಣು ಮೆತ್ತಿ, ಸುತ್ತ ಬೆರಣಿ ಒಟ್ಟಿ ಬೆಂಕಿ ಹಾಕುತ್ತಿದ್ದಳು. ಎಲ್ಲ ಆರಿದ ಮೇಲೆ ಬೋಗುಣಿಯಲ್ಲಿ ಕಪ್ಪಗೆ, ಅಂಟಂಟಾಗಿ ನಾಲ್ಕು ಚಮಚ ಎಣ್ಣೆ ಇಳಿದಿರುತ್ತಿತ್ತು. ಹೊಗೆಯ ಘಾಟು, ಸುಟ್ಟ ವಾಸನೆ, ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು. ಆ ಸೀಸೆ ಹಿಡಿದು ಅಜ್ಜಿ ಜಗಲಿಯ ಮೇಲೆ ಕೂತರೆ ಊರ ಗೌಡರೂ ಅಂಗಿ ಬಿಚ್ಚಿ ಅವಳ ಮುಂದೆ ಕೂರುತ್ತಿದ್ದರು.

ನನಗಾಗ ಹನ್ನೊಂದು ವರ್ಷ. ಶಾಲೆಯ ಹಾಜರಿಯಲ್ಲಿ ಗಂಗಾಂಬಿಕೆ, ಮನೆಯಲ್ಲಿ ಗಂಗಿ. ನನ್ನ ತಮ್ಮ ಸೋಮುವಿಗೆ ಹತ್ತು ತಿಂಗಳು. ಅವ್ವ ಅಟ್ಟ, ಒಲೆ, ಕೊಟ್ಟಿಗೆ ಎಂದು ಓಡಾಡುತ್ತಿದ್ದಳು; ಸೋಮು ಬೆಳೆದದ್ದು ನನ್ನ ಎಡಗಡೆಯ ಸೊಂಟದ ಮೇಲೆ. ಅವನನ್ನು ಹೊತ್ತುಕೊಂಡೇ ಕುಂಟೆಬಿಲ್ಲೆ ಆಡುತ್ತಿದ್ದೆ, ಹೊತ್ತುಕೊಂಡೇ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಬೆಲ್ಲ, ಕೊಬ್ಬರಿ ಅಗಿದು ನನ್ನ ಬಾಯಿಂದಲೇ ತೆಗೆದು ಅವನ ಬಾಯಿಗಿಡುತ್ತಿದ್ದೆ. ಶಾಲೆಯಿಂದ ಬರುವ ಹೊತ್ತಿಗೆ ಹೊಸಿಲ ಮೇಲೆ ಕೂತು ಎರಡೂ ಕೈ ಮೇಲೆತ್ತಿರುತ್ತಿದ್ದ. ಅವನ ತಲೆಯಿಂದ ಬರುತ್ತಿದ್ದ ಕೊಬ್ಬರಿ ಎಣ್ಣೆಯ ವಾಸನೆಯನ್ನು ನಾನು ದಿನಕ್ಕೆ ನೂರು ಸಲ ಮೂಸುತ್ತಿದ್ದೆ. ಅವನು ಅವ್ವನ ಮಗ ಅನ್ನುವುದನ್ನು ನಾನು ಬಾಯಿಮಾತಿಗಷ್ಟೇ ಒಪ್ಪಿಕೊಂಡಿದ್ದೆ.

ಆ ವರ್ಷ ಮಳೆ ಜಡಿ ಹಿಡಿಯಿತು. ಲಂಗ ಒಣಗದು, ಒಣಗದ್ದನ್ನೇ ಉಡುವುದು. ಲಂಗದ ಲಾಡಿ ಕಟ್ಟುವ ಕಡೆ, ಎಡ ಸೊಂಟದಲ್ಲಿ, ಮೊದಲು ಕಡಿತ ಶುರುವಾಯಿತು. ಆಮೇಲೆ ಉಂಗುರ. ಉಂಗುರದ ಪಕ್ಕ ಇನ್ನೊಂದು ಉಂಗುರ. ಹೇಳಿದರೆ ಅಜ್ಜಿಯ ಸೀಸೆ ಹೊರಗೆ ಬರುತ್ತದೆ ಎಂದು ಗೊತ್ತಿದ್ದರಿಂದ ಬಾಯಿ ಬಿಡಲಿಲ್ಲ. ಪಾಠ ನಡೆಯುವಾಗ ಅಳತೆಪಟ್ಟಿಯನ್ನು ಲಂಗದೊಳಗೆ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಕೆರೆದಾಗ ಒಂದು ಗಳಿಗೆ ಸ್ವರ್ಗ, ಆಮೇಲೆ ಉರಿ.

ಸ್ನಾನದ ಮನೆಯಲ್ಲಿ ಅಜ್ಜಿಯ ಕಣ್ಣಿಗೆ ಬಿತ್ತು.

"ಅಯ್ಯೋ ಮುಂಡೇದೆ, ಇಷ್ಟಗಲ ಆಗೋ ತಂಕ ಸುಮ್ಕಿದ್ದೆಯಾ? ನನ್ನ ಮನೇಲೇ ಹುಳುಕಡ್ಡಿ ಅಂದ್ರೆ ನಾಳೆ ಯಾರು ನನ್ನ ಮದ್ದು ನಂಬ್ತಾರೆ?"

ಕೋಳಿಪುಕ್ಕದ ತುದಿಯಲ್ಲಿ ಎಣ್ಣೆ ಅದ್ದಿ ಹಚ್ಚಿದಳು. ನಾನು ಕುಣಿದುಬಿಟ್ಟೆ.

"ಉರಿಯುತ್ತೆ ಕಣೇ, ಉರೀದೆ ಏನು? ಉರುದ್ರೇನೇ ಹುಳ ಸಾಯೋದು. ತಡ್ಕೋ."

ದಿನಾ ಬೆಳಿಗ್ಗೆ ತಡೆದುಕೊಂಡೆ. ಒಂದು ವಾರಕ್ಕೆ ಚರ್ಮ ಕಪ್ಪಾಗಿ ಸುಲಿಯಿತು, ಎರಡನೇ ವಾರಕ್ಕೆ ಕೀವು ಒಸರಿತು. ಹುಳುಕಡ್ಡಿ ಮಾತ್ರ ಸುಟ್ಟ ಜಾಗ ಬಿಟ್ಟು ಅದರ ಅಂಚಿನಲ್ಲಿ ಹೊಸದಾಗಿ ಎದ್ದಿತು. ಅಜ್ಜಿ ಸೋಲುವವಳಲ್ಲ, ಅಂಚಿಗೂ ಹಚ್ಚಿದಳು. ಇಷ್ಟಾದರೂ ನಾನು ಸೋಮುವನ್ನು ಸೊಂಟದಿಂದ ಇಳಿಸಿರಲಿಲ್ಲ. ನೋಯುತ್ತದೆಂದು ಬಲಗಡೆಗೆ ಕೂರಿಸಿಕೊಳ್ಳುತ್ತಿದ್ದೆ. ಅವನೇ ರಚ್ಚೆ ಹಿಡಿದು ತನ್ನ ಎಡಗಡೆಯ ಜಾಗಕ್ಕೆ ಸರಿಯುತ್ತಿದ್ದ.

ಒಂದು ಬೆಳಿಗ್ಗೆ ಸೋಮುವಿಗೆ ಎಣ್ಣೆ ಒತ್ತಿ ನೀರು ಹಾಕುತ್ತಿದ್ದ ಅವ್ವ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಅವನ ತೊಡೆಯ ಒಳಗಡೆ, ನನ್ನ ಸೊಂಟಕ್ಕೆ ತಾಗುವ ಕಡೆಯೇ, ಒಂದು ಪುಟ್ಟ ಉಂಗುರವಿತ್ತು. ಅವ್ವ ಅದನ್ನು ನೋಡಿ, ನನ್ನ ಸೊಂಟ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಗಂಗೀ, ಇನ್ಮ್ಯಾಲೆ ಕೂಸ್ನ ಎತ್ಕೋಬ್ಯಾಡ. ವಾಸಿ ಆಗೋ ತಂಕ ಮುಟ್ಬ್ಯಾಡ."

ನನ್ನ ಮೈಯ ಕೊಳಕನ್ನು ನಾನೇ ಹೊತ್ತುಕೊಂಡು ಹೋಗಿ ಅವನಿಗೆ ಅಂಟಿಸಿದ್ದೆ. ಆವತ್ತು ಸಂಜೆ ಶಾಲೆಯಿಂದ ಬಂದಾಗ ಹೊಸಿಲ ಮೇಲಿದ್ದ ಅವನು ಎರಡೂ ಕೈ ಎತ್ತಿದ. ನಾನು ಗೋಡೆಗೆ ಆತುಕೊಂಡು ನಿಂತೆ. ಅವನು ಮೊದಲು ನಕ್ಕ, ಆಟ ಎಂದುಕೊಂಡ. ಆಮೇಲೆ ಮುಖ ಸಣ್ಣಗೆ ಮಾಡಿದ. ಆಮೇಲೆ ಉಸಿರು ಕಟ್ಟುವ ಹಾಗೆ ಅತ್ತ, ಕೈ ಮಾತ್ರ ಇಳಿಸಲಿಲ್ಲ. ನಾನು ಚೀಲ ಎಸೆದು ಚಿಪ್ಪಿನ ರಾಶಿಯ ಹಿಂದೆ ಹೋಗಿ ಕಿವಿ ಮುಚ್ಚಿ ಕೂತೆ.

ಮಾರನೆಯ ದಿನ ಅಜ್ಜಿ ಸೀಸೆ ಹಿಡಿದು ತೊಟ್ಟಿಲ ಹತ್ತಿರ ಬಂದಳು. ಅತ್ತೆಯ ಮುಂದೆ ತಲೆ ಎತ್ತದ ನನ್ನ ಅವ್ವ ಅವತ್ತು ತೊಟ್ಟಿಲಿಗೆ ಅಡ್ಡ ನಿಂತಳು.

"ಬ್ಯಾಡ ಅತ್ತೆ. ಕೂಸಿಗೆ ಬ್ಯಾಡ."

"ಏನೇ? ಊರಿಗೆಲ್ಲ ಆಗೋ ಮದ್ದು ನಿನ್ನ ಮಗನಿಗೆ ಆಗಕಿಲ್ವಾ?"

ಅವ್ವ ನನ್ನ ರಟ್ಟೆ ಹಿಡಿದೆಳೆದು ಲಂಗದ ಪಟ್ಟಿ ಕೆಳಗೆ ಸರಿಸಿದಳು. "ನೋಡಿ. ನಿಮ್ಮ ಮೊಮ್ಮಗಳು ದಿನಾ ನಿಮ್ಮ ಮುಂದೆ ಬಂದು ನಿಲ್ತಾಳೆ, ಒಂದು ದಿನಾನಾದ್ರೂ ಸರ್ಯಾಗಿ ನೋಡಿದ್ರಾ? ಬೆಂದೋಗೈತೆ. ಆ ಎಳೇ ಚರ್ಮಕ್ಕೆ ಇದ್ನ ಹಾಕಿದ್ರೆ ಉಳೀತದಾ?"

ಅಜ್ಜಿ ನೋಡಿದಳು. ಸೀಸೆಗೆ ಬಿರಡೆ ಹಾಕಿ ಒಳಗೆ ಹೋದಳು.

ನಾವು ತುರುವೇಕೆರೆಯ ಬಸ್ಸು ಹತ್ತಿದೆವು. ಡಾಕ್ಟರಮ್ಮ ವಯಸ್ಸಾದವರು, ದಪ್ಪ ಕನ್ನಡಕ. ನನ್ನ ಸೊಂಟ ನೋಡಿ, "ಇದಕ್ಕೇನಮ್ಮ ಹಚ್ಚಿದಿರಿ?" ಎಂದರು. ಅವ್ವ ಅತ್ತೆಯನ್ನು ಬಿಟ್ಟುಕೊಡಲಿಲ್ಲ. "ಮನೇಲಿ ಏನೋ ಹಚ್ಚಿದ್ವಿ ಡಾಕ್ಟ್ರಮ್ಮ," ಎಂದು ನೆಲ ನೋಡಿದಳು.

"ಇದರೊಳಗೆ ಹುಳ ಇಲ್ಲಮ್ಮ, ಸುಟ್ಟು ಸಾಯಿಸೋಕೆ. ಮಳೆಗಾಲದಲ್ಲಿ ಕೊಬ್ಬರಿಗೆ ಬೂಷ್ಟು ಹಿಡಿಯಲ್ವಾ, ಆ ಜಾತಿ ಇದು. ಒದ್ದೆ ಇದ್ದ ಕಡೆ ಬೆಳೆಯುತ್ತೆ. ಮನೆ ಮದ್ದು ಇವತ್ತಿಗೇ ನಿಲ್ಲಿಸಿ. ಮೊದಲು ಹುಡುಗಿ ಗಾಯ ಮಾಯಲಿ, ಅದಕ್ಕೆ ಬೇರೆ ಮುಲಾಮು ಕೊಡ್ತೀನಿ. ಹುಳುಕಡ್ಡಿಗೆ ಈ ಟ್ಯೂಬು, ಹಸಿ ಗಾಯದ ಮೇಲೆ ಮಾತ್ರ ಇದನ್ನ ಹಚ್ಚಬೇಡಿ. ಮಾದ ಮೇಲೆ ತೊಳೆದು, ಚೆನ್ನಾಗಿ ಒಣಗಿಸಿ, ಬೆಳಿಗ್ಗೆ ಸಂಜೆ ತೆಳ್ಳಗೆ ಹಚ್ಚಿ. ಉಂಗುರದ ಆಚೆಗೂ ಒಂದು ಬೆರಳಗಲ. ಕೂಸಿಗೆ ಇನ್ನೂ ತೆಳ್ಳಗೆ, ನೀವೇ ಹಚ್ಚಿ ಕೈ ತೊಳ್ಕೊಳ್ಳಿ. ಇಬ್ಬರಿಗೂ ಬೇರೆ ಬೇರೆ ಟವೆಲ್ಲು, ಬಟ್ಟೆ ಬಿಸಿನೀರಲ್ಲಿ ಒಗೀರಿ."

ಅಷ್ಟರಲ್ಲಿ ಅಳತೊಡಗಿದ ಸೋಮುವನ್ನು ಅವ್ವ ಹೊರಗೆ ಎತ್ತಿಕೊಂಡು ಹೋದಳು. ಡಾಕ್ಟರಮ್ಮ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದರು. "ಉಂಗುರ ಕಾಣದ ಹಾಗಾದ ಮೇಲೂ ಎರಡು ವಾರ ಬಿಡದೆ ಹಚ್ಚಬೇಕು. ಕಾಣಲಿಲ್ಲ ಅಂದ್ರೆ ಹೋಯ್ತು ಅಂತಲ್ಲ. ತಿಳೀತಾ?"

ತಿಳಿಯಿತು ಎಂದು ತಲೆಯಾಡಿಸಿದೆ. ಸುಳ್ಳಲ್ಲ, ತಿಳಿದೇ ಇತ್ತು.

ಗಾಯ ಮಾಯಲು ಒಂದು ವಾರ. ಆಮೇಲೆ ಟ್ಯೂಬು. ಅದು ಉರಿಯಲಿಲ್ಲ, ನಾರಲಿಲ್ಲ; ತಣ್ಣಗೆ ಬೆಣ್ಣೆ ಸವರಿದಂತಿತ್ತು. ಕಡಿತ ಮೂರೇ ದಿನದಲ್ಲಿ ಇಳಿಯಿತು. ನಾನು ಕನ್ನಡಿಯ ಚೂರು ಹಿಡಿದು ದಿನಕ್ಕೆ ಹತ್ತು ಸಲ ಸೊಂಟ ನೋಡಿಕೊಳ್ಳುತ್ತಿದ್ದೆ. ಹತ್ತನೆಯ ದಿನ ಉಂಗುರ ಕಾಣಲಿಲ್ಲ. ಸೋಮುವಿನ ತೊಡೆಯೂ ತಿಳಿಯಾಗಿತ್ತು.

ಇನ್ನೂ ಎರಡು ವಾರ! ಆ ಎರಡು ವಾರ ನನಗೆ ಎರಡು ವರ್ಷವಾಗಿ ಕಂಡಿತು. ಅಷ್ಟರಲ್ಲಿ ಸೋಮು ನನ್ನನ್ನು ಕಂಡರೆ ಕೈ ಎತ್ತುವುದನ್ನು ಬಿಟ್ಟಿದ್ದ. ಪಕ್ಕದ ಮನೆಯ ನಿಂಗಿಯ ಸೊಂಟದ ಮೇಲೆ ಕೂತು ನನ್ನ ಕಡೆ ನೋಡುತ್ತಿದ್ದ, ಯಾರೋ ದಾರಿಹೋಕರನ್ನು ನೋಡಿದ ಹಾಗೆ. ನನಗೆ ಹುಚ್ಚು ಹಿಡಿದಂತಾಯಿತು. ಅವ್ವನ ಮುಂದೆ ಲಂಗ ಸರಿಸಿ, "ನೋಡವ್ವ, ಏನೂ ಇಲ್ಲ. ಡಾಕ್ಟ್ರಮ್ಮ ಇಷ್ಟಕ್ಕೇ ಸಾಕು ಅಂದಿದ್ರಲ್ಲ," ಎಂದೆ. ಕೆಲಸದ ಗಡಿಬಿಡಿಯಲ್ಲಿದ್ದ ಅವ್ವ ನನ್ನನ್ನೇ ನಂಬಿದಳು. ಅರ್ಧ ಉಳಿದ ಟ್ಯೂಬನ್ನು ಗೂಡಿನಲ್ಲಿಟ್ಟು ನಾನು ಸೋಮುವನ್ನು ಎತ್ತಿಕೊಂಡೆ. ಐದು ದಿನ ಇಳಿಸಲಿಲ್ಲ.

ಆರನೆಯ ದಿನ ಎರಡು ಉಂಗುರ ಎದ್ದಿದ್ದವು. ಒಂದು ನನ್ನ ಸೊಂಟದಲ್ಲಿ. ಇನ್ನೊಂದು ಸೋಮುವಿನ ನಡುವಿನ ಸುತ್ತ, ಉಡಿದಾರದ ಉದ್ದಕ್ಕೂ, ಮೊದಲಿನದಕ್ಕಿಂತ ಎರಡರಷ್ಟು. ಅವನು ಕೆರೆಯಲು ಬಾರದೆ ನೆಲಕ್ಕೆ ಮೈ ಉಜ್ಜಿ ಚೀರುತ್ತಿದ್ದ. ನಾನು ಸತ್ತುಹೋದರೆ ಸಾಕು ಎಂದು ನನಗೆ ಬದುಕಿನಲ್ಲಿ ಮೊದಲ ಸಲ ಅನ್ನಿಸಿದ್ದು ಆವತ್ತು. ಸುಳ್ಳು ಹೇಳಿದೆನೆಂದು ಅವ್ವನಿಗೆ ಒಪ್ಪಿಸಿದೆ. ಕಪಾಳಕ್ಕೆ ಒಂದು ಬಿತ್ತು, ಆಮೇಲೆ ಅವ್ವನೂ ಅತ್ತಳು.

ಮತ್ತೆ ತುರುವೇಕೆರೆಗೆ ಹೋದಾಗ ಡಾಕ್ಟರಮ್ಮ ಕೂಗಾಡಲಿಲ್ಲ. ಟ್ಯೂಬು ಬರೆದುಕೊಟ್ಟು, ಸೋಮುವಿನ ಕಪ್ಪು ಉಡಿದಾರವನ್ನು ಬೆರಳಲ್ಲಿ ಎತ್ತಿ ತೋರಿಸಿದರು. "ಇದು ಯಾವಾಗಲೂ ಒದ್ದೆ ಇರುತ್ತೆ. ಎಷ್ಟು ಹಚ್ಚಿದ್ರೂ ಇದರ ಅಡಿಯಿಂದ ಮತ್ತೆ ಏಳುತ್ತೆ. ತೆಗೆದುಹಾಕಿ."

ಅವ್ವನ ಮುಖ ಬಿಳಿಚಿಕೊಂಡಿತು. ನಮ್ಮಲ್ಲಿ ಗಂಡುಮಕ್ಕಳ ಉಡಿದಾರ ಕೀಳುವುದು ಅಪ್ಪ ಸತ್ತಾಗ. ಅಪ್ಪ ಅವತ್ತು ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರಿಗೆ ಹೋಗಿದ್ದ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವ್ವನ ಬೆರಳು ಆ ಉಡಿದಾರದ ಮೇಲೇ ಇತ್ತು. ಮನೆಗೆ ಬಂದು ಜಗಲಿಯ ಮೇಲೆ ಕೂತು ಅಜ್ಜಿಗೆ ವಿಷಯ ಹೇಳಿದಳು. ಈಗ ರಂಪವಾಗುತ್ತದೆ ಎಂದು ನಾನು ಕಂಬ ಹಿಡಿದು ನಿಂತಿದ್ದೆ. ಅಜ್ಜಿ ಎದ್ದು ಹೋಗಿ ತನ್ನ ಟ್ರಂಕಿನಿಂದ ಬಟ್ಟೆಯ ಗಂಟೊಂದನ್ನು ತಂದಳು. ಒಳಗೆ ಕಪ್ಪಿಟ್ಟುಹೋದ ಬೆಳ್ಳಿಯ ಉಡಿದಾರವಿತ್ತು.

"ಇವರಪ್ಪ ಕೂಸಾಗಿದ್ದಾಗ ಕಟ್ಟಿದ್ದು. ಬೆಳ್ಳಿ, ಒರೆಸಿದ್ರೆ ಒಣಗುತ್ತೆ. ಮೊದ್ಲು ಇದ್ನ ಸಡಿಲವಾಗಿ ಕಟ್ಟು, ಆಮೇಲೆ ಅದ್ನ ಕುಯ್ಯಿ. ಬರೀ ಸೊಂಟದಲ್ಲಿ ಬುಡಬ್ಯಾಡ."

ಆ ವಾರವೇ ಚಿಪ್ಪಿನ ಎಣ್ಣೆ ಕೇಳಿಕೊಂಡು ಒಬ್ಬರು ಬಂದರು. "ಮುಗ್ದೋಗೈತೆ ಕಣಪ್ಪ. ಡಾಕ್ಟ್ರ ತಾವ ಹೋಗು," ಎಂದಳು ಅಜ್ಜಿ. ಸೀಸೆ ತುಂಬಿದಂತೆಯೇ ಮೂಲೆಯಲ್ಲಿತ್ತು. ಆಮೇಲೆ ಅವಳು ಬದುಕಿರುವವರೆಗೂ ಆ ಗುಂಡಿಗೆ ಬೆಂಕಿ ಹಾಕಲಿಲ್ಲ, ಜಗಲಿಯ ಮೇಲೆ ಮೊದಲಿನ ಗತ್ತಿನಲ್ಲಿ ಕೂರಲೂ ಇಲ್ಲ.

ಎರಡನೆಯ ಸಲ ನಾನು ಒಂದು ಹೊತ್ತೂ ತಪ್ಪಿಸಲಿಲ್ಲ. ಅವ್ವ ಹೇಳುವ ಮೊದಲೇ ಮೈ ಒರೆಸಿ, ಒಲೆಯ ಮುಂದೆ ಕಾಯಿಸಿದ ಲಂಗ ಉಟ್ಟು, ಬೆರಳ ತುದಿಯಷ್ಟು ಹಚ್ಚುತ್ತಿದ್ದೆ. ಉಂಗುರಗಳು ಹೋಗಲು ಈ ಸಲ ಒಂದು ತಿಂಗಳು ಹಿಡಿಯಿತು, ಆಮೇಲೂ ಎರಡು ವಾರ ಎಣಿಸಿ ಹಚ್ಚಿದೆ. ಅಷ್ಟೂ ದಿನ ಸೋಮುವಿನಿಂದ ಮಾರುದೂರ ಕೂತು, ಚಪ್ಪಾಳೆ ತಟ್ಟಿ ಅವನನ್ನು ಆಡಿಸುತ್ತಿದ್ದೆ. ಅವನು ಅಂಬೆಗಾಲಿಟ್ಟು ನನ್ನತ್ತ ಬಂದರೆ ಎದ್ದು ಓಡುತ್ತಿದ್ದೆ.

ಮಳೆ ನಿಂತು ಬಿಸಿಲು ಬಿದ್ದ ಒಂದು ಬೆಳಿಗ್ಗೆ ಅವ್ವ ಇಬ್ಬರ ಮೈಯನ್ನೂ ಬೆಳಕಿಗೆ ಹಿಡಿದು ನೋಡಿ, "ಹೋಯ್ತು ಕಣೇ. ಎತ್ಕೋ ಹೋಗು," ಎಂದಳು.

ಸೋಮು ಗೋಡೆ ಹಿಡಿದು ನಿಂತಿದ್ದ. ಓಡಿಹೋಗಿ ಎತ್ತಿ ಎಡ ಸೊಂಟಕ್ಕೆ ಹಾಕಿಕೊಂಡು ಅವನ ನೆತ್ತಿಗೆ ಮೂಗೊತ್ತಿದೆ. ಒಂದು ಗಳಿಗೆ ಇದ್ದ. ಆಮೇಲೆ ಬೆನ್ನು ಸೆಟೆಸಿ, ಕಾಲು ಝಾಡಿಸಿ, ಜಾರಿ ಇಳಿದುಬಿಟ್ಟ. ಇಳಿದವನು ಗೋಡೆ ಬಿಟ್ಟು ಅಂಗಳದ ಕೋಳಿಗಳ ಕಡೆಗೆ ತಟತಟ ಹೆಜ್ಜೆ ಹಾಕಿದ. ನಾನು ದೂರ ಕೂತಿದ್ದ ದಿನಗಳಲ್ಲಿ ಅವನಿಗೆ ಕಾಲು ಬಂದಿತ್ತು. ಮತ್ತೆ ಎತ್ತಿಕೊಂಡೆ, ಮತ್ತೆ ಇಳಿದ. ಅವ್ವ, ಅಜ್ಜಿ ಚಪ್ಪಾಳೆ ತಟ್ಟಿ ನಗುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ಅತ್ತೆ.

ಈಗ ಸೋಮುವಿಗೆ ಮೀಸೆ ನರೆತಿದೆ. ಅವನ ಮೈಮೇಲೆ ಒಂದು ಗುರುತೂ ಇಲ್ಲ, ಅವನಿಗೆ ಇದ್ಯಾವುದೂ ನೆನಪಿಲ್ಲ. ನನ್ನ ಎಡ ಸೊಂಟದಲ್ಲಿ ಅಂಗೈಯಗಲ ಕಪ್ಪು ಕಲೆ ಉಳಿದಿದೆ. ಔಷಧಿ ಅಂಗಡಿಯಲ್ಲಿ ಕೈಗೆ ಸಿಕ್ಕ ಟ್ಯೂಬು ಕೊಂಡು, ನಾಲ್ಕು ದಿನ ಸವರಿ, ಕಡಿತ ನಿಂತೊಡನೆ ಬಿಸಾಡುವವರನ್ನು ಕಂಡರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಇಷ್ಟು ಚಿಕ್ಕದಕ್ಕೆ ಯಾಕಿಷ್ಟು ಕೋಪ ಎಂದು ಅವರಿಗೆ ಆಶ್ಚರ್ಯ. ಲೆಕ್ಕ ನನಗೊಬ್ಬಳಿಗೇ ಗೊತ್ತು. ಮೊದಲ ಸಲವೇ ಆ ಎರಡು ವಾರ ತಾಳಿಕೊಂಡಿದ್ದರೆ, ಅವನು ನಡೆಯುವುದಕ್ಕೆ ಮೊದಲು ಇನ್ನೂ ಒಂದು ತಿಂಗಳು ನನ್ನ ಸೊಂಟದ ಮೇಲೆ ಇರುತ್ತಿದ್ದ.