ಅಣ್ಣನ ಬೋಟಿಗೆ ಬಿದ್ದ ಸುತ್ತಿಗೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಡಕ್ಕೆಳೆದು ದಿಮ್ಮಿಗಳ ಮೇಲೆ ನಿಲ್ಲಿಸಿದ ಹಳೆಯ ಟ್ರಾಲರ್ ಬೋಟಿನ ಹೊಟ್ಟೆಯೊಳಗೆ ಆಕೆ ಎಂಜಿನ್ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ತಣ್ಣಗಿದೆ.

"ನಾನು ಬರೋದ್ರೊಳಗೆ ಬಿಸಿ ಮಾಡಿಟ್ಟಿದ್ರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಲೆಕ್ಕ" ಎಂದು, ತಮ್ಮ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾ ಆಯಿಲನ್ನು ಬೆರಳಲ್ಲಿ ಉಜ್ಜುತ್ತಾರೆ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಇಲ್ಲಿ ಹಾಗಾಗಿಲ್ಲ.

ಹಳೆಯ ಬೋಟು ಕೊಳ್ಳುವವರು ಮೊದಲು ಕರೆಯುವುದು ಇವರನ್ನೇ. ಎಲ್ಲರ ಬಾಯಲ್ಲೂ 'ಸುತ್ತಿಗೆ ಅಕ್ಕ'. ಅಪ್ಪ ಬೋಟು ಕಟ್ಟುವ ಬಡಗಿ. ಗಟ್ಟಿ ಮರದ ಸದ್ದು, ಕೊಳೆತ ಮರದ ಸದ್ದು ಅವರ ಪಕ್ಕ ಕೂತೇ ಕಿವಿಗಿಳಿದದ್ದು. ಹೆಂಗಸೆಂದು ಬೋಟು ಹತ್ತಗೊಡದವರೂ ಇದ್ದರು. ಬೋಟುಗಳೊಳಗೆ ತೆವಳಿ ತೆವಳಿ ಮಂಡಿ ಸವೆದು, ಈಗ ನೋಡುವುದು ದಿನಕ್ಕೆ ಒಂದೇ ಬೋಟು.

ಇವತ್ತಿನದು ಸ್ವಂತ ಅಣ್ಣನದು. ಕೊಳ್ಳಲು ಬಂದ ಗಂಡ ಹೆಂಡತಿ ಕೆಳಗೆ ಕಾಯುತ್ತಿದ್ದಾರೆ. "ನನ್ನ ತಂಗೀನೇ ನೋಡ್ತಿದ್ದಾಳಲ್ಲ, ಇನ್ನೇನು ಭಯ?" ಎಂದು ಅಣ್ಣ ನಗುತ್ತಾರೆ.

ಅಕ್ಕ ಕೆಳಗಿಳಿದು ಮುಂಭಾಗದಿಂದ ಹಲಗೆಗಳನ್ನು ತಟ್ಟುತ್ತಾ ಬರುತ್ತಾರೆ. ಠಣ್, ಠಣ್. ಹಿಂಭಾಗದಲ್ಲಿ, ನೀರಿನಡಿ ತಿರುಗಿ ಬೋಟನ್ನು ಮುಂದೂಡುವ ಫ್ಯಾನಿನ ಶಾಫ್ಟು ಹೊರಬರುವ ಕಡೆ, ದಬ್.

"ಅಣ್ಣಾ, ಇಲ್ಲಿ ಪುಟ್ಟಿ ತುಂಬಿದ್ದು ಯಾರು?"

"ಕೊಂಡಾಗಿಂದ ಹಾಗೇ ಇದೆ. ಮೇಲೆ ಬಣ್ಣ ಹೊಡ್ಸಿದ್ದಷ್ಟೇ ನಾನು. ಸುಮ್ನೆ ಮುಂದೆ ಹೋಗೇ."

ಆಕೆ ಕೊಂಚ ಜೋರಾಗಿ ಹೊಡೆಯುತ್ತಾರೆ. ಸುತ್ತಿಗೆ ಒಳಗೇ ಹೂತುಹೋಗುತ್ತದೆ. ಎಳೆದರೆ ನೆನೆದ ಬ್ರೆಡ್ಡಿನಂಥ ಕರಿ ಮರ ಉದುರುತ್ತದೆ. ಅಲ್ಲಿ ಹಲಗೆಯೇ ಇಲ್ಲ! ಇಷ್ಟು ದಿನ ಸಮುದ್ರವನ್ನು ತಡೆದಿದ್ದುದು ಬರೀ ಪುಟ್ಟಿ ಮತ್ತು ಬಣ್ಣ. ನನ್ನ ಪೆನ್ನು ನಿಂತೇಹೋಗುತ್ತದೆ.

"ಏನೇ ಮಾಡ್ಬಿಟ್ಟೆ!" ಎಂದು ರೇಗುತ್ತಲೇ ಅಣ್ಣ ತೂತಿಗೆ ಕೈ ಹಾಕುತ್ತಾರೆ. ಮಣಿಕಟ್ಟಿನವರೆಗೂ ಹೋಗುತ್ತದೆ.

"ಒಳಗಿನ ನೀರು ಹೊರಹಾಕೋ ಪಂಪು ಓಡ್ತಾನೇ ಇರೋದು... ಹಳೇ ಬೋಟಲ್ವಾ ಅಂದ್ಕೊಂಡಿದ್ದೆ. ಮೊನ್ನೆ ಮಕ್ಕಳಿಬ್ರನ್ನೂ ಇದ್ರಲ್ಲೇ ಕರ್ಕೊಂಡು ಹೋಗಿದ್ನಲ್ಲೇ!" ಎಂದವರೇ ಮರಳಲ್ಲಿ ಕುಸಿದು ಕೂರುತ್ತಾರೆ. ತಂಗಿ ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಳ್ಳುತ್ತಾರೆ. ಕೊಳ್ಳಲು ಬಂದಾಕೆ ತಮ್ಮ ನೀರಿನ ಬಾಟಲಿ ಕೊಡುತ್ತಾರೆ. ವ್ಯಾಪಾರದ ಮಾತು ಯಾರೂ ಎತ್ತುವುದಿಲ್ಲ.

ಅಣ್ಣನನ್ನು ಮನೆಗೆ ಕಳಿಸಿದ ಮೇಲೆ ಕೇಳುತ್ತೇನೆ: ಕೊಳ್ಳುವಾಗ ನಿಮ್ಮನ್ನೇಕೆ ಕರೆಯಲಿಲ್ಲ?

"ಸ್ನೇಹಿತನ ಬೋಟು, ತಟ್ಟಿ ನೋಡಿದ್ರೆ ಬೇಜಾರಾಗ್ತಾನೆ ಅಂತ. ನಾನಾದ್ರೂ ಏನು ಮಾಡ್ದೆ? ದಿನಾ ಇದ್ರ ಪಕ್ಕದಲ್ಲೇ ಓಡಾಡಿದೀನಿ. ಅಣ್ಣಾನೇ ಕರೀಲಿ ಅಂತ ಸುಮ್ನಿದ್ದೆ." ಸುತ್ತಿಗೆಗೆ ಅಂಟಿದ ಕರಿ ಮರದ ಚೂರುಗಳನ್ನು ಒರೆಸುತ್ತಾರೆ. "ಇನ್ಮೇಲೆ ನಮ್ಮೋರ ಬೋಟಿಗೆ ಕರೀದೇನೇ ಹೋಗ್ತೀನಿ. ಬೈದ್ರೆ ಬೈಲಿ. ಬೈಯೋಕಾದ್ರೂ ಜೀವಂತವಾಗಿ ಮನೇಲಿರ್ತಾರಲ್ಲ."