ಅಪ್ಪ ನೇಯ್ದ ಸೆರಗು

ನಮ್ಮಪ್ಪ ಕುಡಿದೇ ನೇಯುತ್ತಿದ್ದ ಮನುಷ್ಯ. ನಿಜಾಮರ ಕಾಲ, ಕುಷ್ಟಗಿ ಸೀಮೆಯಲ್ಲಿ ನೀರಿಗೆ ಬರವಿದ್ದರೂ ಸೇಂದಿಗೆ ಇರಲಿಲ್ಲ. ಬೆಳಿಗ್ಗೆ ಸೇಂದಿ ಅಂಗಡಿಗೆ ಹೋಗಿ ಬಂದು ಮಗ್ಗದ ಕೆಳಗೆ ತೋಡಿದ ಕುಣಿಗೆ ಇಳಿದನೆಂದರೆ ಲಾಳಿ ನಿಲ್ಲುತ್ತಿರಲಿಲ್ಲ. ಸೀರೆಯ ಸೆರಗಿಗೆ ಮೂರು ಕೆಂಪು ಪಟ್ಟಿ, ನಡುನಡುವೆ ಎರಡು ಬಿಳಿ. ನಮ್ಮ ಓಣಿಯ ಚಿಕ್ಕ ಹುಡುಗಿಯರಿಗೂ ಗೊತ್ತಿದ್ದ ಲೆಕ್ಕ ಅದು. ಅಪ್ಪ ಕಣ್ಣು ಮುಚ್ಚಿಕೊಂಡು ನೇಯುತ್ತಿದ್ದ. ಸಂಜೆ ಮತ್ತೆ ಕುಡಿದು ಬಂದು ಅವ್ವನಿಗೆ ಹೊಡೆಯುತ್ತಿದ್ದದ್ದೂ ಅಷ್ಟೇ ನಿಜ.

ಒಮ್ಮೆ ಮೈಯೆಲ್ಲ ನಡುಗಿ, ಇಲ್ಲದ ಇರುವೆಗಳನ್ನು ಗೋಡೆಯಿಂದ ಆರಿಸತೊಡಗಿದಾಗ ಅವ್ವ ಚಕ್ಕಡಿ ಕಟ್ಟಿಸಿ, ಗಂಗಾವತಿ ಕಡೆಯ ವೈದ್ಯರೊಬ್ಬರ ಮನೆಯಲ್ಲಿ ಬಿಟ್ಟು ಬಂದಳು. ಕಷಾಯ, ಗಂಜಿ, ಬಾಗಿಲಿಗೆ ಹೊರಗಿನಿಂದ ಚಿಲಕ. ಮಳೆಗಾಲ ಮುಗಿದ ಮೇಲೆ ಮರಳಿದವನು ಮೆತ್ತಗಿನ ಮನುಷ್ಯನಾಗಿದ್ದ. ನನ್ನ ತಲೆ ಸವರಿದ. ನನಗೆ ಖುಷಿಗೇ ಅಳು ಬಂತು.

ಮರುದಿನ ಮಗ್ಗಕ್ಕೆ ಕೂತ. ಸೆರಗಿನ ನಡುವೆ ಲಾಳಿ ನಿಂತಿತು.

"ಈಗ ಬಿಳಿದೋ, ಕೆಂಪೋ?" ಅಂತ ಅವ್ವನನ್ನು ಕೇಳಿದ. ಅವ್ವ ಹೇಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ. ವೈದ್ಯರು ಕುಡಿತ ಬಿಡಿಸಿದ್ದರು. ಅದು ಮೊದಲೇ ತಿಂದುಹಾಕಿದ್ದ ನೆನಪನ್ನು ತಂದುಕೊಡಲು ಅವರಿಂದಲೂ ಆಗಲಿಲ್ಲ.

ಮಗನ ಪಾಡು ನೋಡಲಾರದೆ ಅಜ್ಜಿ ಒಂದು ದಿನ ಬಟ್ಟಲು ಸೇಂದಿ ತಂದು ಕುಣಿಯ ಅಂಚಿಗಿಟ್ಟಳು. "ಒಂದ ಗುಟುಕು ಕುಡಿಯೋ ಮಗನ. ನಿನ್ನ ಕೈಗೆ ರೂಢಿ ಐತಿ, ತಾನ ನೆನಪ ಮಾಡ್ಕೊಂತೈತಿ."

ಅಪ್ಪ ಬಟ್ಟಲನ್ನು ಬಾಯಿಯ ತನಕ ಒಯ್ದ. ಒಲೆಯ ಮುಂದಿದ್ದ ಅವ್ವ ಎದ್ದು ನಿಂತಳು.

"ಕೈ ತಿರಿಗಿ ಬಂದರ, ಮೊದಲಿನಾಂವನೂ ಬರತಾನ ಯವ್ವಾ," ಎಂದು ಸೇಂದಿಯನ್ನು ಕುಣಿಯೊಳಗೆ ಚೆಲ್ಲಿ ಮೇಲೆ ಹತ್ತಿ ಬಂದ.

ಅಂದಿನಿಂದ ಅವ್ವ ಕುಣಿಗೆ ಇಳಿದಳು. ಅಪ್ಪ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿದ. ನಮ್ಮಲ್ಲಿ ಅದು ಹೆಂಗಸರ ಕೆಲಸ. ಅವನ ಜೊತೆ ಕುಡಿದವರೇ ಬಾಗಿಲಲ್ಲಿ ಇಣುಕಿ, "ಏನವಾ ತಂಗಿ, ಅಡಗಿ ಆತೇನು?" ಎಂದು ನಗುತ್ತಿದ್ದರು. ಅವರ ಬಾಯಿಗಿಷ್ಟು ಮಣ್ಣು ಹಾಕ! ಅಪ್ಪ ತಲೆ ಎತ್ತುತ್ತಿರಲಿಲ್ಲ. ಆದರೆ ಕುಡಿಯಲೂ ಇಲ್ಲ.

ಯಲಬುರ್ಗಿ ಕಡೆ ನನ್ನ ಮದುವೆ ಗೊತ್ತಾದಾಗ ಮಾತ್ರ ಹಠ ಹಿಡಿದ. "ಮಗಳ ಸೆರಗು ನಾನ ನೇಯಾಂವ."

ಅವ್ವ ಜಾಗ ಬಿಟ್ಟುಕೊಟ್ಟಳು. ಬಣ್ಣ ಹೇಳಿಕೊಡಲು ಹೋದರೆ ಬೇಡವೆಂದು ಕಳಿಸಿಬಿಟ್ಟ. ಮಗ್ಗದಿಂದ ಇಳಿಸಿ ನೋಡಿದರೆ ಎರಡನೆಯ ಬಿಳಿ ಪಟ್ಟಿಯೇ ಇರಲಿಲ್ಲ, ಕೆಂಪಿಗೆ ಕೆಂಪೇ ಕೂಡಿಬಿಟ್ಟಿತ್ತು. ಬೇರೆ ಸೀರೆ ನೇಯುತ್ತೇನೆಂದಳು ಅವ್ವ. ನಾನು ಕೇಳಲಿಲ್ಲ, ಅದನ್ನೇ ಉಟ್ಟೆ.

ಮದುವೆಯ ಅಕ್ಕಿಕಾಳು ತಲೆಗೆ ಬಿದ್ದ ಮೇಲೆ ಅಪ್ಪನ ಕಾಲಿಗೆ ಬಿದ್ದೆ. ಎಬ್ಬಿಸುವಾಗ ಅವನ ಕೈಗೆ ನನ್ನ ಸೆರಗು ಸಿಕ್ಕಿತು. ಪಟ್ಟಿಗಳ ಮೇಲೆ ಬೆರಳಾಡಿಸಿ ಹುಬ್ಬು ಗಂಟಿಕ್ಕಿದ.

"ಇದರಾಗ ತಪ್ಪೈತಲ್ಲವ್ವಾ. ಯಾರು ನೇಯ್ದಾರ?"

ನಾನು ಅವನ ಕೈ ಹಿಡಿದುಕೊಂಡೆ.

"ನೇಯ್ದಾಂವ ಕುಡದಿದ್ದ ಅಂತ ಕಾಣತೈತಿ," ಎಂದ.

"ಇಲ್ಲಪ್ಪಾ," ಎಂದೆ. "ಅವ ಕುಡದಿರಲಿಲ್ಲ."