ಹಾಳೆಯ ಹಿಂದಿನ ಒಂದು ಸಾಲು

ಹುನ್ನೂರಿನ ಅಂಜನಾ ಜಮಖಂಡಿಯಲ್ಲಿ ಗಣಿತದ ಪಿಎಚ್‌ಡಿ ಮಾಡುತ್ತಿದ್ದಳು. ಅದರ ಜೊತೆಗೆ ವಾರಕ್ಕೆ ಆರು ತಾಸು ಬಿಎಸ್ಸಿ ಮೊದಲ ವರ್ಷದವರಿಗೆ ಪಾಠ ಹೇಳಬೇಕಿತ್ತು. ವಯಸ್ಸು ಇಪ್ಪತ್ತಾರು, ಧ್ವನಿ ಸಣ್ಣದು. ಹುಡುಗರು ತನ್ನನ್ನು ಲೆಕ್ಕಕ್ಕೆ ಹಿಡಿಯಲಿಕ್ಕಿಲ್ಲ ಎಂದು ಅಂಜಿ, ಮಾತನ್ನು ಚೂಪು ಮಾಡಿಕೊಂಡಿದ್ದಳು.

ಹಾಜರಿ ಕರೆಯುವಾಗ ಹದಿನಾರು ಆದ ಮೇಲೆ ಒಂದು ಉಸಿರು ನಿಲ್ಲುತ್ತಿದ್ದಳು. "ಹದಿನೇಳು." ಯಾರೂ ಓ ಅನ್ನುತ್ತಿರಲಿಲ್ಲ. ಕಿಟಕಿಯ ಕಡೆ, ಮೂರನೇ ಬೆಂಚಿನ ತುದಿ ಮೂರು ವಾರದಿಂದ ಖಾಲಿ. ಜಾಗ ಸಾಲದೆ ಹಿಂದೆ ನಿಂತವರೂ ಅಲ್ಲಿ ಹೋಗಿ ಕೂಡುತ್ತಿರಲಿಲ್ಲ.

"ಹದಿನೇಳು ಬರೂದಿಲ್ರಿ ಮೇಡಂ, ಗಾಳ್ಯಾಗ ಮಾಳಗಿ ಕಟ್ಟಾಕ ಹೋಗ್ಯಾಳ್ರಿ," ಎಂದು ಮುಂದಿನ ಬೆಂಚಿನ ಪ್ರೀತಿ ಅಂದಳು. ಎಲ್ಲರೂ ನಕ್ಕರು. ಅಂಜನಾಗೆ ನಗು ಬರಲಿಲ್ಲ. ಆ ಮಾತು ಪ್ರೀತಿಯದಲ್ಲ, ತಾನೇ ಆಡಿದ್ದು.

ಹದಿನೇಳು ಅಂದರೆ ಶೇವಂತಿ, ಬನಹಟ್ಟಿಯ ಹುಡುಗಿ. ಮೂರು ವಾರದ ಹಿಂದೆ, ಒಂದು ಸೋಮವಾರ, ಅಂಜನಾ ಸಣ್ಣ ಪರೀಕ್ಷೆಯ ತಿದ್ದಿದ ಹಾಳೆಗಳನ್ನು ಹಂಚಿದ್ದಳು. ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಗಳನ್ನು ಕೂಡಿಸುತ್ತ ಹೋದರೆ ಪ್ರತಿ ಸಲವೂ ವರ್ಗಸಂಖ್ಯೆಯೇ ಬರುತ್ತದೆ, ಅದನ್ನು ಸಾಧಿಸಿ ತೋರಿಸಿರಿ ಎಂಬುದು ಪ್ರಶ್ನೆ. ಮೊದಲು ಒಂದಕ್ಕೆ ಸರಿ ಎಂದು ತೋರಿಸಬೇಕು. ಆಮೇಲೆ ಒಂದು ಮೆಟ್ಟಿಲಿಗೆ ಸರಿಯಿದ್ದರೆ ಮುಂದಿನದಕ್ಕೂ ಸರಿ ಎನ್ನಬೇಕು. ಶೇವಂತಿ ಎರಡನೆಯದನ್ನು ಮುತ್ತು ಪೋಣಿಸಿದಂತೆ ಬರೆದಿದ್ದಳು. ಮೊದಲನೆಯದು ಇರಲಿಲ್ಲ. ಅಂಜನಾ ಐದು ಅಂಕಕ್ಕೆ ಸೊನ್ನೆ ಹಾಕಿ, ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ತಳಪಾಯನ ಇಲ್ಲ. ಗಾಳ್ಯಾಗ ಮಾಳಗಿ ಕಟ್ಟಿ ಅಲ್ಲೇ ಬಾಳೇ ಮಾಡಾಕಿ ಏನವಾ?" ಅಂದಳು. ಕ್ಲಾಸು ಹೋ ಎಂದು ನಕ್ಕಿತು. ಶೇವಂತಿ ಏನೋ ಹೇಳಲು ಎದ್ದಳು, ಹೇಳದೆ ಕೂತಳು. ಗಂಟೆ ಹೊಡೆದಾಗ ಹಾಳೆಯನ್ನು ಬೆಂಚಿನ ಮೇಲೆಯೇ ಬಿಟ್ಟು ಹೋದಳು. ಅಂಜನಾ ಅದನ್ನು ಎತ್ತಿಕೊಂಡು ಹೋಗಿ ಮನೆಯ ರದ್ದಿ ಚೀಲಕ್ಕೆ ಹಾಕಿದಳು.

ಶೇವಂತಿ ಹಾಗೆ ಎದ್ದು ಕೂತದ್ದೇ ಅಂಜನಾಳ ಕಣ್ಣಿಗೆ ಕಟ್ಟಿತ್ತು. ಬೋರ್ಡಿನ ಕಡೆ ಮುಖ ಮಾಡಿದಾಗ ಬೆನ್ನ ಹಿಂದೆ ಯಾರೋ ಎದ್ದು ನಿಂತಂತೆ ಆಗುತ್ತಿತ್ತು. ತಿರುಗಿ ನೋಡಿದರೆ ಎಲ್ಲರೂ ಕೂತೇ ಇರುತ್ತಿದ್ದರು.

ಗೈಡ್ ಬಾಳಾಸಾಹೇಬ ಸರ್ ಮುಂದೆ ಇದನ್ನು ಹೇಳಿಕೊಂಡಳು. "ಮೊದಲ ಮೆಟ್ಟಲಾ ಇಲ್ಲಂದ್ರ ಸೊನ್ನಿನ. ನೀ ಹಾಕಿದ್ದು ಬರೋಬ್ಬರಿ ಐತಿ," ಅಂದರು. "ಶನಿವಾರ ಹಾಜರಿ ಪಟ್ಟಿ ಕಳಿಸೂದೈತಿ. ಶುಕ್ರವಾರ, ಶನಿವಾರ ಎರಡೂ ದಿನ ಬಂದ್ರ ಆಕೀ ಹಾಜರಿ ಬೇಕಾದಷ್ಟು ಮುಟ್ಟತೈತಿ. ಇಲ್ಲಂದ್ರ ಪರೀಕ್ಷಾ ಇಲ್ಲ, ವರ್ಷಾನೂ ಇಲ್ಲ. ಬರಲಾರದವರ ಚಿಂತಿ ನಿನಗ್ಯಾಕ?"

ಅದು ಬುಧವಾರ. ಸಂಜೆ ಮನೆಗೆ ಬಂದಾಗ ಮನೆಯೊಡತಿ ಇಂದ್ರವ್ವ ಶೇಂಗಾ ಚಟ್ನಿ ಕುಟ್ಟಿ, ಕಟ್ಟಿಕೊಡಲು ಹಾಳೆ ಹುಡುಕುತ್ತಿದ್ದಳು. ಅಂಜನಾ ರದ್ದಿ ಕಾಗದದ ಚೀಲವನ್ನೇ ಅವಳ ಮುಂದೆ ಸುರಿದಳು. ಇಂದ್ರವ್ವ ಒಂದೊಂದೇ ಹಾಳೆ ತಿರುವಿ ನೋಡತೊಡಗಿದಳು. ಒಂದು ಮಗ್ಗಲು ಖಾಲಿ ಇದ್ದದ್ದು ಎಡಕ್ಕೆ, ಎರಡೂ ಮಗ್ಗಲು ಬರೆದದ್ದು ಬಲಕ್ಕೆ.

"ಎಲ್ಲಾನೂ ಯಾಕ ತಿರುವ್ತೀರಿ ಅತ್ತಿ? ಹಿಂದ ಏನಿರತೈತಿ?"

"ತಿರುವಿದ್ರ ತಿಳೀತೈತಿ. ಮಸಿ ಚಟ್ನಿಗೆ ಹತ್ತಬಾರದ." ಇಂದ್ರವ್ವ ಒಂದು ಹಾಳೆ ಎತ್ತಿದಳು. "ನೋಡು, ಇದರ ಹಿಂದ ಒಂದ ಸಾಲು ಐತಿ. ಮುಂದ ಕೆಂಪ ಸೊನ್ನಿ."

ಅಂಜನಾ ಇಸಿದುಕೊಂಡಳು. ಶೇವಂತಿಯದು. ಹಾಳೆಯ ಹಿಂದೆ, ತಳದಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು: ಒಂದಕ್ಕೆ ಸರಿ ಇದೆ, ಒಂದರ ವರ್ಗ ಒಂದು. ತಳಪಾಯ ಇತ್ತು. ಅವಳು ಹಾಳೆ ತಿರುವಿರಲಿಲ್ಲ, ಅಷ್ಟೇ.



ಗುರುವಾರ ಮುಂಜಾನೆ ಬನಹಟ್ಟಿ ಬಸ್ಸು ಹತ್ತಿದಳು. ಓಣಿಯ ಎರಡೂ ಕಡೆ ಮಗ್ಗದ ಸಪ್ಪಳ. ಶೇವಂತಿಯ ಮನೆಯ ಮಗ್ಗ ಮಾತ್ರ ನಿಂತಿತ್ತು. ಅದರ ಹಿಂದೆ ಶೇವಂತಿ ಕುಕ್ಕರಗಾಲಲ್ಲಿ ಕೂತು, ತೀರಿದ ಹಾಸಿನ, ಅಂದರೆ ಮಗ್ಗದ ಉದ್ದ ಎಳೆಗಳ, ತುದಿಗೆ ಹೊಸ ಹಾಸನ್ನು ಎಳೆಗೆ ಎಳೆ ಸೇರಿಸಿ ಹೊಸೆಯುತ್ತಿದ್ದಳು. ಇದಕ್ಕೆ ಕೆಚ್ಚುವುದು ಅನ್ನುತ್ತಾರೆ. ಎರಡು ಸಾವಿರದ ಏಳುನೂರು ಎಳೆ. ಒಂದು ತಪ್ಪಿದರೂ ಸೀರೆಯಲ್ಲಿ ಗೆರೆ ಬೀಳುತ್ತದೆ.

"ಬರ್ರಿ ಅಕ್ಕೋರ," ಎಂದು ತಾಯಿ ಸುಂದರವ್ವ ಚಾಪೆ ಹಾಸಿದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಾತಾಡುವವರ ಕಡೆ ಕಿವಿ ತಿರುಗಿಸುತ್ತಿದ್ದಳು.

ಅಂಜನಾ ಹಾಳೆ ಮುಂದೆ ಹಿಡಿದಳು. ಸೊನ್ನೆಯನ್ನು ಹೊಡೆದುಹಾಕಿ ಐದು ಬರೆದಿದ್ದಳು. "ತಪ್ಪು ನಂದು ಶೇವಂತಿ. ನಾ ತಿರುವಿ ನೋಡಲಿಲ್ಲ. ಮೊದಲನೇದ್ದು ಹಿಂದ ಯಾಕ ಬರದಿ?"

ಶೇವಂತಿ ಕೈ ನಿಲ್ಲಿಸಲಿಲ್ಲ. "ನಮ್ಮಲ್ಲಿ ಹಂಗ ರೀ ಮೇಡಂ. ನೇಯಾವ್ರ ಮುಂದ ಅರಿವಿ ಇರತೈತಿ. ಹಳೇದಕ್ಕ ಹೊಸಾದು ಕೂಡಿದ್ದು ಮಗ್ಗದ ಹಿಂದ ಇರತೈತಿ. ಅಲ್ಲೇ ಹೋಗಿ ನೋಡ್ತೀವಿ. ನೀವೂ ನೋಡ್ತೀರಿ ಅಂದ್ಕೊಂಡಿದ್ದೆ."

"ಅವತ್ತ ಎದ್ದು ನಿಂತಾಕಿ ಹೇಳಬೇಕಿತ್ತವಾ."

"ಎಲ್ಲಾರೂ ನಗಾಕತ್ತಿದ್ರಲ್ರಿ."

ಅಂಜನಾ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ನಾಳೆ, ನಾಡದು ಎರಡ ದಿನ ಬಾ. ವರ್ಷ ಉಳೀತೈತಿ."

"ಈ ಹಾಸು ಮುಗಿಯೂದು ಶನಿವಾರ ಸಂಜಿಕ್ರಿ. ಒಬ್ಬರು ಕೈ ಹಚ್ಚಿದ್ದನ್ನ ಇನ್ನೊಬ್ಬರು ಮುಟ್ಟಬಾರದು. ಎಳಿ ಹೊಸಿಯೂದು ಕೈಗೊಂದು ಥರಾ. ನಡುವ ಕೈ ಬದಲಾದ್ರ ಬಿಚ್ಚತಾವು."

"ಹಂಗಾದ್ರ ನಾನ ಹಾಜರಿ ಹಾಕತೇನಿ."

ಆಗ ಶೇವಂತಿ ತಲೆ ಎತ್ತಿದಳು. "ಬರಲಾರದಾಕಿನ್ನ ಬಂದಾಳ ಅಂತ ಬರೀತೀರಿ? ಬ್ಯಾಡ್ರಿ. ನೀವು ಹಂಗ ಮಾಡಾವ್ರಲ್ರಿ."

ಹೊಸ್ತಿಲವರೆಗೆ ಕಳಿಸಲು ಬಂದ ಸುಂದರವ್ವ ಅಂಜನಾಳ ಕೈ ತಡಕಿ ಹಿಡಿದಳು. "ನನ್ನ ಕಣ್ಣಿನ ಸಲುವಾಗಿ ಬಿಟ್ಟಾಳ ಅಂತ ತಿಳಕೋಬ್ಯಾಡ್ರಿ ಅಕ್ಕೋರ. ಯಾಡ ವರ್ಷಾತು ಕಣ್ಣ ಹೋಗಿ, ಓದು ಅಂತನ ಕಳಸ್ತಿದ್ದೆ. ಒಂದ ಸೋಮವಾರ ಬಂದಾಕಿನ, ಯವ್ವಾ ನಿನ್ನ ಕೆಲಸಾ ಕಲಿಸು ಅಂದ್ಲು. ಅವತ್ತ ಏನಾತಂತ ನನಗ ಇಂದಿಗೂ ಹೇಳಿಲ್ಲ."

ಏನಾಗಿತ್ತೆಂದು ಅಂಜನಾಗೆ ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆದಳು. ಓಣಿಯ ಮಗ್ಗಗಳ ಸಪ್ಪಳದಲ್ಲಿ ಅವಳ ಸಣ್ಣ ಧ್ವನಿ ಅವಳಿಗೇ ಕೇಳಿಸಲಿಲ್ಲ.

ಶನಿವಾರ ಕ್ಲಾಸಿನಲ್ಲಿ ಹದಿನಾರು ಆದ ಮೇಲೆ ಹಾಜರಿ ಪುಸ್ತಕ ಕೆಳಗಿಟ್ಟಳು. ಆ ಹಾಳೆ ಎತ್ತಿ ಹಿಡಿದು ಮುಂದಿನದನ್ನು ತೋರಿಸಿದಳು, ತಿರುವಿ ಹಿಂದಿನ ಸಾಲನ್ನು ಓದಿದಳು. "ತಳಪಾಯ ಇತ್ತು. ನೋಡದ ನಾನ ಅಂದೆ, ನೀವು ನಕ್ರಿ." ಪ್ರೀತಿ ಪೆನ್ನಿನ ಟೊಪ್ಪಿಗೆ ಕಚ್ಚುತ್ತ ಕೆಳಗೆ ನೋಡಿದಳು. ಅಂಜನಾ "ಹದಿನೇಳು" ಎಂದು ಕರೆದಳು, ಕಾಯ್ದಳು, ಗೈರು ಎಂದು ಬರೆದಳು. ಮಧ್ಯಾಹ್ನ ಪಟ್ಟಿ ಹೋಯಿತು.

ಮರುವರ್ಷ ಕಾಲೇಜು ಪ್ರವೇಶದ ಫಾರ್ಮು ಒಯ್ದು ಬನಹಟ್ಟಿಗೆ ಕೊಟ್ಟು ಬಂದಳು. ಸುಂದರವ್ವ ಎರಡೂ ಕೈಯಿಂದ ಇಸಿದುಕೊಂಡಳು. ಫಾರ್ಮು ತಿರುಗಿ ಬರಲಿಲ್ಲ.

ಈಗ ಅಂಜನಾ ಮುಧೋಳದ ಒಂದು ಕಾಲೇಜಿನಲ್ಲಿ ಇದ್ದಾಳೆ. ಹದಿನೇಳು ಅಂದರೆ ಅಲ್ಲೊಬ್ಬ ಹುಡುಗ ಗಟ್ಟಿಯಾಗಿ "ಹಾಜರ್ರೀ" ಅನ್ನುತ್ತಾನೆ. ಆದರೂ ಅವಳು ಒಂದು ಉಸಿರು ನಿಲ್ಲುತ್ತಾಳೆ. ಖಾಲಿ ಇದ್ದ ಹಾಳೆಯನ್ನೂ ಎರಡೆರಡು ಸಲ ತಿರುವುತ್ತಾಳೆ.

ಹೋದ ಶ್ರಾವಣದಲ್ಲಿ ಅವಳು ಬನಹಟ್ಟಿ ಸೀರೆಯೊಂದನ್ನು ಕೊಂಡಳು. ಕೆಚ್ಚಿದ ಜಾಗ ಸೀರೆಯಲ್ಲಿ ಬರುವುದಿಲ್ಲ, ಅದನ್ನು ಕತ್ತರಿಸಿ ತೆಗೆದಿರುತ್ತಾರೆ. ಅದು ಅವಳಿಗೆ ಗೊತ್ತು. ಗೊತ್ತಿದ್ದೂ ಉಡುವ ಮುಂಚೆ ಸೀರೆಯನ್ನು ತಿರುವಿ ಹಾಕಿ, ಈ ತುದಿಯಿಂದ ಆ ತುದಿಯವರೆಗೆ ಹಿಂದಿನ ಕಡೆ ಬೆರಳಾಡಿಸುತ್ತಾಳೆ.